ಜರ್ಮನಿಯಲ್ಲಿ ಪೂರ್ತಿ ಬೆಲೆ ಕೊಟ್ಟೆ

ನಾನು ಹೋಗಿ ಬಂದ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಜರ್ಮನಿಯ ತೆಂಕು ಭಾಗ, ನದಿಯ ದಡ, ಅಷ್ಟೇ. ಹೆಸರಿಲ್ಲದ ಊರಿನ ಪ್ರವಾಸ ಕಥನವನ್ನು ಯಾರು ಓದುತ್ತಾರೆ ಎಂದು ಮಗಳ ಹತ್ತಿರ ವಾದ ಮಾಡಿದೆ. ಸೋತೆ. ಹಳೆಯ ಹೋಟೆಲ್ ಸಾಮಾನು ಕೊಂಡು ಮಾರಿ ಮನೆ ಕಟ್ಟಿದವನು ನಾನು. ಮಾತಿನಲ್ಲಿ ಸೋಲುವುದು ನನ್ನ ಅಭ್ಯಾಸವಲ್ಲ. ಯಾಕೆ ಸೋತೆ ಎನ್ನುವುದೇ ಈ ಪ್ರವಾಸದ ಕಥೆ. ಬರೆದದ್ದನ್ನು ಅವಳಿಗೆ ಫೋನಿನಲ್ಲಿ ಓದಿ ಹೇಳಿದ್ದೇನೆ. ಅವಳು ಬೇಡವೆಂದದ್ದನ್ನು ಹೊಡೆದುಹಾಕಿದ್ದೇನೆ.

ಡೊಂಬಿವಲಿ

ಕುಂದಾಪುರದ ಕಡೆಯಿಂದ ಮುಂಬಯಿಗೆ ಬಂದವನು ಮೊದಲು ಠಾಣೆಯ ವಾಗ್ಳೆ ಎಸ್ಟೇಟಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಲೋಟ ತೊಳೆದೆ. ಕ್ಯಾಂಟೀನು ಮುಚ್ಚಿದ ದಿನ ಮಾಲೀಕರು ಒಂದು ಹಳೆಯ ಗ್ರೈಂಡರ್ ತೋರಿಸಿ, ಬೇಕಿದ್ದರೆ ಒಯ್ಯಿ ಎಂದರು. ಅದನ್ನು ಉಜ್ಜಿ, ಬೆಲ್ಟ್ ಬದಲಿಸಿ, ಬದಲಾಪುರದಲ್ಲಿ ಹೊಸ ಹೋಟೆಲ್ ತೆರೆಯುತ್ತಿದ್ದವರಿಗೆ ಮಾರಿದೆ. ಅಂದಿನಿಂದ ಅದೇ ಕಸುಬು. ಮುಚ್ಚುವ ಅಡುಗೆಮನೆಯಿಂದ ತೆರೆಯುವ ಅಡುಗೆಮನೆಗೆ ಸಾಮಾನು ಸಾಗಿಸುವುದು. ಕಲ್ಯಾಣದಲ್ಲಿ ಗೋಡೌನ್ ಇದೆ, ಡೊಂಬಿವಲಿಯಲ್ಲಿ ಮನೆ ಇದೆ, ಹೆಂಡತಿ ವನಜಾ ಇದ್ದಾಳೆ. ಒಬ್ಬಳೇ ಮಗಳು ಸ್ಮಿತಾ, ಮುಂಬಯಿಯಲ್ಲಿ ಮನಃಶಾಸ್ತ್ರ ಓದಿ, ಪಿಎಚ್‌ಡಿಗೆಂದು ಜರ್ಮನಿಗೆ ಹೋದಳು.

ಹೋದದ್ದೇನೋ ಹೆಮ್ಮೆ. ಆದರೆ ಅವಳು ಅಲ್ಲಿ ಏನು ಮಾಡುತ್ತಾಳೆಂದು ಹೇಳಲು ನನಗೆ ಬರುತ್ತಿರಲಿಲ್ಲ. ಪ್ಲಾಟ್‌ಫಾರ್ಮಿನಲ್ಲಿ ಸಿಕ್ಕವರು ಕೇಳುವರು.

"ಮಗಳು ಅಲ್ಲಿ ಎಂತ ಮಾಡ್ತಾಳೆ ಪದ್ದಣ್ಣ?"

"ಮಿದುಳಿನ ಕೆಲಸ."

"ಆಪರೇಶನ್ನಾ?"

"ಅಲ್ಲ."

"ಮತ್ತೆಂತ ಮಾರ್ರೆ?"

ಅಷ್ಟರಲ್ಲಿ ನನಗೆ ಲೋಕಲ್ ರೈಲು ಬಂದ ಹಾಗೆ ಅನ್ನಿಸಿ ಮುಂದೆ ಹೋಗುತ್ತಿದ್ದೆ. ಹರೆಯದ ಮಕ್ಕಳು ಮದ್ಯ ಕುಡಿಯಲು ಶುರು ಮಾಡುವುದಕ್ಕೂ ಅವರ ಮಿದುಳಿಗೂ ಏನೋ ಸಂಬಂಧವಿದೆಯೇ ಎಂದು ನೋಡುತ್ತಾಳೆ, ಇಷ್ಟು ಮಾತ್ರ ತಿಳಿದಿತ್ತು. ಅದನ್ನು ಒಮ್ಮೆ ಸಾನಪಾಡಾದಲ್ಲಿ ಬಾರ್ ನಡೆಸುವ ಗೆಳೆಯ ಭರತ್ ಶೆಟ್ಟಿಯ ಹತ್ತಿರ ಹೇಳಿದೆ. ಅವನು ಗಲ್ಲಾಪೆಟ್ಟಿಗೆಯ ಹಿಂದಿನಿಂದಲೇ ನಕ್ಕ.

"ಕುಡುಕರನ್ನು ನೋಡ್ಲಿಕ್ಕೆ ಅಷ್ಟು ದೂರ ಯಾಕೆ ಹೋಗ್ಬೇಕಿತ್ತು ಪದ್ದ? ಹೇಳಿದ್ರೆ ನಮ್ಮ ಬಾರಲ್ಲೇ ಒಂದು ಸ್ಟೂಲ್ ಹಾಕಿಕೊಡ್ತಿದ್ದೆ."

ಸುತ್ತಲಿದ್ದವರೂ ನಕ್ಕರು. ನಾನೂ ನಕ್ಕೆ. ಮರುದಿನವೇ ವೀಸಾದ ಏಜೆಂಟನ್ನು ಹಿಡಿದೆ. ಅದು ೨೦೧೪ರ ಮಾತು.

ವಿಮಾನ ನಿಲ್ದಾಣದ ಮೇಜು

ಹೋಗುವವರಿಗೆ ಒಂದು ಮಾತು: ಕಾವಲಿಯನ್ನು ಕೈಚೀಲದಲ್ಲಿ ಒಯ್ಯಬೇಡಿ. ಮಗಳಿಗೆಂದು ನಾನೇ ಆರಿಸಿ, ಎಣ್ಣೆ ಹಚ್ಚಿ ಹದ ಮಾಡಿದ ಎರಕದ ಕಾವಲಿ. ದೊಡ್ಡ ಪೆಟ್ಟಿಗೆಯಲ್ಲಿ ತೂಕ ಹೆಚ್ಚಾಯಿತೆಂದು ಕೈಚೀಲಕ್ಕೆ ಹಾಕಿದ್ದೆ. ತಪಾಸಣೆಯ ಹುಡುಗಿ ಪರದೆ ನೋಡಿ, ಚೀಲ ನೋಡಿ, ನನ್ನನ್ನು ನೋಡಿದಳು.

"ಅಂಕಲ್, ಯೇ ಕ್ಯಾ ಹೈ?"

"ತವಾ."

"ಇತನಾ ಭಾರೀ?"

"ಅಸಲೀ ಹೈ, ಇಸಲಿಯೇ."

ಅವಳ ಮೇಲಿನವರು ಬಂದರು. ಅವರಿಗೆ ದೋಸೆ ತಳ ಹಿಡಿಯದಿರಲು ಎರಕವೇ ಯಾಕೆ ಬೇಕು ಎಂದು ವಿವರಿಸಿದೆ. ಅವರ ಮನೆಯವರು ಘಾಟ್ಕೋಪರಿನಿಂದ ತಂದ ನಾನ್‌ಸ್ಟಿಕ್ ಸಿಪ್ಪೆ ಏಳುತ್ತಿದೆಯಂತೆ. ಕೊನೆಗೆ ದೊಡ್ಡ ಪೆಟ್ಟಿಗೆಯನ್ನು ವಾಪಸ್ ತರಿಸಿದರು; ಕಾವಲಿ ಅದಕ್ಕೆ ಹೋಯಿತು, ಪೆಟ್ಟಿಗೆಯಿಂದ ವನಜಾಳ ಹಪ್ಪಳದ ಕಟ್ಟು ಕೈಚೀಲಕ್ಕೆ ಬಂತು. "ನಿಮ್ಮ ವ್ಯಾಪಾರ ಇಲ್ಲಿಂದ್ಲೇ ಶುರುವಾ?" ಎಂದಳು ವನಜಾ. ಅಲ್ಲಿಂದ ಹಪ್ಪಳವನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಳು.

ಮಗಳ ಊರು

ಆ ಊರಿನವರು ಗಾಡಿಯೇ ಇಲ್ಲದ ರಸ್ತೆಯಲ್ಲಿ ಕೆಂಪು ದೀಪ ಕಂಡರೆ ನಿಲ್ಲುತ್ತಾರೆ. ಎಡಕ್ಕೆ ಯಾರೂ ಇಲ್ಲ, ಬಲಕ್ಕೆ ಯಾರೂ ಇಲ್ಲ, ಒಬ್ಬ ಅಜ್ಜಿ ಕೈಚೀಲ ಹಿಡಿದು ನಿಂತಿದ್ದಾಳೆ. ನಾನು ದಾಟಿಬಿಟ್ಟೆ. ಅಜ್ಜಿ ಹಿಂದಿನಿಂದ ಏನೋ ಹೇಳಿದಳು. ಮಕ್ಕಳು ನೋಡಿದರೆ ಅವರೂ ದಾಟುತ್ತಾರೆ ಎಂದಳಂತೆ, ಸ್ಮಿತಾ ಆಮೇಲೆ ಹೇಳಿದಳು. ಮಕ್ಕಳೂ ಅಲ್ಲಿರಲಿಲ್ಲ. ಡೊಂಬಿವಲಿಯಲ್ಲಿ ಹಳಿ ದಾಟಿ ಆಚೆ ಬದಿಗೆ ಹೋಗುವ ನಮ್ಮ ಜನರನ್ನು ಆ ಅಜ್ಜಿಗೆ ಒಮ್ಮೆ ತೋರಿಸಬೇಕು.

ಖಾಲಿ ಬಾಟಲಿ ನುಂಗಿ ಹಣದ ಚೀಟಿ ಕೊಡುವ ಯಂತ್ರ ಮಾತ್ರ ನನಗೆ ಬಹಳ ಹಿಡಿಸಿತು. ಅಂಗಡಿಯ ಬಾಗಿಲಲ್ಲೇ ಇರುತ್ತದೆ. ಯಾರೊಂದಿಗೂ ಜಗಳವಿಲ್ಲ, ಗುಜರಿ ಕೊಳ್ಳುವ ಭಂಗಾರ್‌ವಾಲಾನ ತಕ್ಕಡಿಯ ಮೇಲೆ ಕಣ್ಣಿಡಬೇಕಾಗಿಲ್ಲ. ಮೂರು ಸಲ ಹೋಗಿ ಹಾಕಿ ಬಂದೆ. ನಾಲ್ಕನೆಯ ಸಲ ಪಕ್ಕದ ಮನೆಯವರ ಬಾಟಲಿಗೆ ಕೈ ಹಾಕುವಾಗ ಸ್ಮಿತಾ ತಡೆದಳು.

ಫುಟ್‌ಬಾಲಿನ ದಿನಗಳು. ಸಂಜೆ ಚೌಕದಲ್ಲಿ ದೊಡ್ಡ ಪರದೆ, ಕೆಳಗೆ ಬೆಂಚುಗಳು. ಒಂದು ಬೆಂಚಿನಲ್ಲಿ ಶಾಲೆಯ ಚೀಲ ಪಕ್ಕಕ್ಕಿಟ್ಟ ಹುಡುಗ ಹುಡುಗಿಯರು ಬಿಯರ್ ಕುಡಿಯುತ್ತಿದ್ದರು. ನಾನು ಪೊಲೀಸಿನವನಿಗಾಗಿ ನೋಡಿದೆ. ಅವನು ಅವರ ಪಕ್ಕದಲ್ಲೇ ನಿಂತು ಗೋಲು ನೋಡುತ್ತಿದ್ದ.

"ಹದಿನಾರಾದರೆ ಬಿಯರ್ ಕೊಳ್ಬಹುದು ಪಪ್ಪಾ, ಕಾನೂನೇ ಹಾಗೆ," ಎಂದಳು ಸ್ಮಿತಾ. "ಅಪ್ಪ ಅಮ್ಮ ಜೊತೆಗಿದ್ರೆ ಹದಿನಾಲ್ಕಕ್ಕೇ."

ನಮ್ಮಲ್ಲಿ ಭರತ್ ಮೀಸೆ ಬಂದವರನ್ನೂ ಗುರುತಿನ ಚೀಟಿ ಕೇಳುತ್ತಾನೆ. ಹೋದ ವರ್ಷ ನನ್ನ ಭಾವಮೈದುನನನ್ನೂ ಕೇಳಿದ. ವನಜಾ ಆ ಬೆಂಚನ್ನೇ ನೋಡುತ್ತಿದ್ದಳು. "ಅಷ್ಟು ಮಕ್ಕಳಲ್ಲಿ ಒಂದು ಕೂತು ಬರೀ ನೀರು ಕುಡೀತಾ ಇದೆ ಕಾಣಿ," ಎಂದಳು.

"ಅದೇ ನನ್ನ ಪ್ರಶ್ನೆ ಅಮ್ಮಾ," ಎಂದಳು ಸ್ಮಿತಾ. "ಯಾರು ಬೇಗ ಶುರು ಮಾಡ್ತಾರೆ, ಯಾರು ಮಾಡೋದಿಲ್ಲ, ಯಾಕೆ."

ಸುರಂಗ

ಮರುದಿನ ಅವಳ ಕೆಲಸದ ಜಾಗಕ್ಕೆ ಕರೆದುಕೊಂಡು ಹೋದಳು. ಅಲ್ಲಿ ಮಿದುಳಿನ ಚಿತ್ರ ತೆಗೆಯುವ, ಸುರಂಗದಂಥ ನಿಜವಾದ ಎಂಆರ್‌ಐ ಯಂತ್ರದ ಜೊತೆಗೆ ಅದರದ್ದೇ ರೂಪದ, ಅಯಸ್ಕಾಂತವಿಲ್ಲದ ಇನ್ನೊಂದು ಇದೆ. ಮಕ್ಕಳಿಗೆ ಹೆದರಿಕೆ ಹೋಗಲೆಂದು ಮೊದಲು ಅದರಲ್ಲಿ ಮಲಗಿಸಿ ಅಭ್ಯಾಸ ಮಾಡಿಸುತ್ತಾರೆ. ನನಗೂ ಅವಕಾಶ ಸಿಕ್ಕಿತು. ಅಭ್ಯಾಸವಾದರೂ ನಿಯಮ ಪೂರ್ತಿ. ಮೈಮೇಲೆ ಲೋಹ ಇದೆಯೇ ಎಂದು ಸ್ಮಿತಾಳ ಜೊತೆಯ ಹುಡುಗಿ ಕೇಳಿದಳು. ಗಡಿಯಾರ, ಉಂಗುರ, ಕಿಸೆಯ ಚಿಲ್ಲರೆ ಎಲ್ಲ ತೆಗೆದೆ. ಅವಳು ಕೈಯಲ್ಲಿ ಹಿಡಿಯುವ ತಪಾಸಣೆಯ ಕೋಲನ್ನು ಸೊಂಟದ ಹತ್ತಿರ ತಂದಾಗ ಅದು ಕೂಗಿತು. ಬೆಲ್ಟ್ ಆಗಲೇ ತೆಗೆದಿದ್ದೆ. ಮತ್ತೆ ಕೂಗಿತು. ಆ ಹುಡುಗಿಯ ಮುಖ ಗಂಭೀರವಾಯಿತು. ಒಳಗೇನಾದರೂ ಆಪರೇಶನ್ನಿನ ತಗಡು ಇದೆಯೇ ಎಂದು ಕೇಳಿದಳು.

ವನಜಾ ಮೂಲೆಯಿಂದ ಹೇಳಿದಳು, "ಉಡಿದಾರ ಮಾರ್ರೆ."

ಬೆಳ್ಳಿಯ ಉಡಿದಾರ, ಬುದ್ಧಿ ಬಂದಾಗಿನಿಂದ ಸೊಂಟದಲ್ಲಿದೆ, ಅದು ಲೋಹ ಎಂಬುದೇ ಮರೆತುಹೋಗಿತ್ತು. ಪರದೆಯ ಹಿಂದೆ ಹೋಗಿ ಬಿಚ್ಚಲು ಹೆಣಗಾಡಿದೆ. ಅದನ್ನು ಅವರು ಒಂದು ಪ್ಲಾಸ್ಟಿಕ್ ತಟ್ಟೆಯಲ್ಲಿ ಗಡಿಯಾರದ ಪಕ್ಕ ಗೌರವದಿಂದ ಇಟ್ಟರು.

ಒಳಗೆ ಮಲಗಿಸಿ, ಕೈಗೆ ಒಂದು ರಬ್ಬರಿನ ಚೆಂಡು ಕೊಟ್ಟರು. ಸಾಕೆನಿಸಿದರೆ ಅದನ್ನು ಹಿಸುಕಬೇಕು. ಯಾಕೆಂದು ಹೇಳಬೇಕಾಗಿಲ್ಲ. ನಾನು ಪರೀಕ್ಷೆ ಮಾಡಲೆಂದೇ ತಕ್ಷಣ ಹಿಸುಕಿದೆ. ತಕ್ಷಣ ಎಲ್ಲ ನಿಂತು, ಮಂಚ ಹೊರಗೆ ಬಂತು. "ಏನಾಯ್ತು ಪಪ್ಪಾ?" "ಏನಿಲ್ಲ, ಕೆಲಸ ಮಾಡ್ತದಾ ನೋಡಿದೆ." ಸಾಮಾನು ಕೊಳ್ಳುವ ಮೊದಲು ಸ್ವಿಚ್ ಒತ್ತಿ ನೋಡುವುದು ನನ್ನ ಪದ್ಧತಿ.

ಮತ್ತೆ ಒಳಗೆ ಹೋದೆ. ಗಡಗಡ ಸದ್ದು, ಕಲ್ಯಾಣದ ಗೋಡೌನಿನಲ್ಲಿ ಬೇರಿಂಗ್ ಹೋದ ಗ್ರೈಂಡರಿನದ್ದೇ. ಕಣ್ಣಿನ ಮೇಲೆ ಇಟ್ಟ ಕನ್ನಡಿಯಲ್ಲಿ ಮುಖಗಳ ಚಿತ್ರ ಬಂದವು. ಸಿಟ್ಟಿನ ಮುಖ, ಹೆದರಿದ ಮುಖ, ಏನೂ ತೋರಿಸದ ಮುಖ. ನಡುವೆ ಬರೀ ದುಂಡು, ಚೌಕ.

ಹೊರಗೆ ಬಂದ ಮೇಲೆ ಸ್ಮಿತಾ ಬಿಡಿಸಿ ಹೇಳಿದಳು. ಹೆದರಿದ ಮುಖ, ಸಿಟ್ಟಿನ ಮುಖ ಕಂಡಾಗ ಮಿದುಳಿನ ಕೆಲವು ಭಾಗಗಳು ಚುರುಕಾಗುತ್ತವೆ. ಆಳದಲ್ಲಿ ಬಾದಾಮಿಯಷ್ಟಿರುವ ಒಂದು ಭಾಗ, ಹಣೆಯ ಹಿಂದೆ ಇನ್ನೊಂದು. ಎಲ್ಲ ಮಕ್ಕಳಲ್ಲೂ ಅದು ಒಂದೇ ಸಮ ಇರುವುದಿಲ್ಲ. ಹದಿನಾಲ್ಕರಲ್ಲಿ, ಇನ್ನೂ ಯಾರೂ ಕುಡಿಯದೆ ಇದ್ದಾಗ ಒಮ್ಮೆ ನೋಡಿಡುತ್ತಾರೆ. ಹದಿನಾರಾದ ಮೇಲೆ ಅದೇ ಮಕ್ಕಳನ್ನು ಮತ್ತೆ ಕರೆದು ನೋಡಿ, ಯಾರು ಯಾವಾಗ ಶುರು ಮಾಡಿದರು ಎಂದು ಕೇಳುತ್ತಾರೆ. ಆ ಮೊದಲಿನ ವ್ಯತ್ಯಾಸಕ್ಕೂ ಶುರುವಾದದ್ದಕ್ಕೂ ಸಂಬಂಧ ಇದೆಯೇ?

"ಕುಡಿದ ಮೇಲೆ ಮಾತ್ರ ನೋಡಿದ್ರೆ ಯಾವುದು ಮೊದಲು ಬಂತು ಅಂತ ಗೊತ್ತಾಗೋದಿಲ್ಲ," ಎಂದಳು.

ಇದು ನನಗೆ ಥಟ್ಟನೆ ಅರ್ಥವಾಯಿತು. ಮೋಟಾರು ಸುಟ್ಟ ಮೇಲೆ ತೆರೆದು ನೋಡಿದರೆ ಮೊದಲೇ ಅದರಲ್ಲಿ ದೋಷವಿತ್ತೇ, ಓಡಿಸಿದವನು ಕೆಡಿಸಿದನೇ ಎಂದು ಯಾರು ಹೇಳಬಲ್ಲರು? "ಹಾಗಾದ್ರೆ ಈ ಹುಡುಗ ಕುಡುಕ ಆಗ್ತಾನೆ ಅಂತ ಫೋಟೋ ನೋಡಿ ಹೇಳ್ತೀಯಾ?" ಎಂದೆ.

"ಅಯ್ಯೋ ಇಲ್ಲ. ಒಬ್ಬರ ಬಗ್ಗೆ ಹಾಗೆ ಹೇಳೋಕ್ಕೆ ಆಗೋದಿಲ್ಲ, ಹೇಳಲೂಬಾರದು. ತುಂಬ ಮಕ್ಕಳನ್ನು ಒಟ್ಟಿಗೆ ನೋಡಿದ್ರೆ ಏನಾದ್ರೂ ಕಾಣಬಹುದು. ಆದ್ರೆ ಎರಡನೇ ಸಲ ಎಷ್ಟೋ ಮಕ್ಕಳು ಬರೋದೇ ಇಲ್ಲ ಪಪ್ಪಾ. ಒಂದೊಂದು ಮಗು ಹೋದಾಗಲೂ ಎರಡು ವರ್ಷದ ಕೆಲಸ ಹೋಗ್ತದೆ."

ಅವಳು ಹಾಗೆ ಹೇಳುವಾಗ ನಾನು ಅವಳ ಮುಖ ನೋಡಿದೆ. ಅದನ್ನು ನೋಡಲು ಯಂತ್ರ ಬೇಕಿರಲಿಲ್ಲ.

ಶನಿವಾರದ ಸಂತೆ

ನದಿಯ ದಂಡೆಯಲ್ಲಿ ಹಳೆಯ ಸಾಮಾನಿನ ಸಂತೆ. ಸ್ಮಿತಾ ಕೆಲಸದ ಮೇಲಿದ್ದಳು, ನಾನು ವನಜಾ ಇಬ್ಬರೇ ಹೋದೆವು. ಒಂದು ಮೇಜಿನ ಮೇಲೆ ಎರಕದ ಅಚ್ಚು ಕಂಡಿತು. ಎರಡು ರೆಕ್ಕೆ, ಒಳಗೆ ಹೂವಿನ ಗುಳಿಗಳು. ನಡುವೆ ಹಿಟ್ಟು ಹೊಯ್ದು ಒಲೆಯ ಮೇಲೆ ಮಗುಚಿ ಸುಡುವಂಥದ್ದು. ಯಾರ ಗುರುತೂ ಸಿಗದ ಹಾಗೆ ವಸ್ತುವನ್ನೂ ಬದಲಿಸಿ ಬರೆಯಿರಿ ಎಂದು ಮಗಳು ಹೇಳಿದ್ದಾಳೆ, ಆದ್ದರಿಂದ ಅದು ಅಚ್ಚೇ ಆಗಿರಬೇಕೆಂದಿಲ್ಲ. ತೂಕ ಮಾತ್ರ ನಿಜ.

ಮೇಜಿನ ಹಿಂದೆ ಒಬ್ಬ ತಾಯಿ, ಪಕ್ಕದಲ್ಲಿ ಹದಿನಾರರ ಆಸುಪಾಸಿನ ಮಗಳು. ತಾಯಿಗೆ ಇಂಗ್ಲಿಷ್ ಕಡಿಮೆ, ಮಗಳು ಮಾತು ದಾಟಿಸುತ್ತಿದ್ದಳು. ನಾನು ಪದ್ಧತಿಯಂತೆ ಅರ್ಧದಿಂದ ಶುರು ಮಾಡಿದೆ, ಹಿಡಿಯ ತುಕ್ಕು ತೋರಿಸಿದೆ, ಎರಡು ಹೆಜ್ಜೆ ಹೋಗಿ ವಾಪಸ್ ಬಂದೆ. ತಾಯಿಯೂ ಪಳಗಿದವಳು, ನಗುತ್ತಲೇ ಜಗ್ಗಲಿಲ್ಲ. ನಡುವೆ ಹುಡುಗಿ, ಇಲ್ಲಿ ಯಾಕೆ ಬಂದಿದ್ದೀರಿ ಎಂದು ಕೇಳಿದಳು. ಕೇಳಿದರೆ ಬಿಡುತ್ತೇನೆಯೇ? ನನ್ನ ಮಗಳು ಮಕ್ಕಳ ಮಿದುಳು ನೋಡುತ್ತಾಳೆ, ಮುಖಗಳನ್ನು ತೋರಿಸುತ್ತಾಳೆ ಎಂದೆ.

"ಓ, ಆ ಸುರಂಗ. ನಾನೂ ಮಲಗಿದ್ದೇನೆ, ಚಿಕ್ಕವಳಿದ್ದಾಗ. ಮತ್ತೆ ಕರೆದಿದ್ದಾರೆ. ಹೋಗುವುದಿಲ್ಲ."

ನನ್ನ ತಲೆಯಲ್ಲಿ ಎರಡು ವರ್ಷದ ಕೆಲಸ ಎಂಬ ಮಾತು ಗಂಟೆ ಹೊಡೆಯಿತು.

"ಒಂದು ಮಾತು," ಎಂದೆ. "ಅಚ್ಚಿಗೆ ನೀವು ಹೇಳಿದ ಪೂರ್ತಿ ಬೆಲೆ. ಚೌಕಾಸಿ ಇಲ್ಲ. ಮೇಲಿಂದ ನಿಮ್ಮ ಇಡೀ ಮನೆಯವರಿಗೆ ನಮ್ಮ ಕಾವಲಿಯ ದೋಸೆ. ನೀನು ಆ ಎರಡನೇ ಸಲಕ್ಕೆ ಹೋಗ್ಬೇಕು."

ವನಜಾ ನನ್ನ ತೋಳು ಎಳೆದಳು. "ಅಲ್ಲ ಕಾಣಿ, ಅದು ನಮ್ಗೆ ಸಂಬಂಧ ಇಲ್ಲದ್ದು."

"ನೀ ಸುಮ್ಮನಿರು, ಸೆಟ್ ಆಗ್ತಾ ಇದೆ."

ತಾಯಿ ಜೋರಾಗಿ ನಕ್ಕು ಕೈ ಚಾಚಿದಳು. ಹುಡುಗಿ ತಾಯಿಯ ಮುಖ ನೋಡಿದಳು. ಆಮೇಲೆ ಅವಳೂ ಕೈ ಕೊಟ್ಟಳು, ದೋಸೆಗೆ ಕರೆಯಲೆಂದು ಮನೆಯ ಫೋನ್ ನಂಬರ್ ಬರೆದುಕೊಟ್ಟಳು. ಪೂರ್ತಿ ಬೆಲೆ ಕೊಟ್ಟದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಅಚ್ಚನ್ನು ಹೆಗಲ ಮೇಲಿಟ್ಟುಕೊಂಡು ಗೆದ್ದವನ ಹಾಗೆ ಬಂದೆ.

ಆ ಸಂಜೆ

ಸ್ಮಿತಾಳಿಗೆ ಸಿಟ್ಟು ಬಂದರೆ ಕನ್ನಡ ಸಾಲುವುದಿಲ್ಲ, ಮರಾಠಿಗೆ ಹೋಗುತ್ತಾಳೆ. ನಾನು ಹೇಳಿ ಮುಗಿಸಿದಾಗ ಶೂ ಬಿಚ್ಚುತ್ತಿದ್ದವಳು ಹಾಗೇ ಕೂತಳು.

"ಪಪ್ಪಾ, ತುಮ್ಹೀ ಕಾಯ್ ಕೇಲಂತ್?"

"ಎಂತ ಮಾಡಿದೆ? ಹೋಗ್ತಿದ್ದ ಒಂದು ಮಗುವನ್ನು ವಾಪಸ್ ತಂದೆ."

"ಬೇಡ ಅನ್ನೋ ಹಕ್ಕು ನಿನಗಿದೆ, ಯಾರೂ ಒತ್ತಾಯ ಮಾಡೋದಿಲ್ಲ ಅಂತ ನಾವು ಅವರಿಗೆ ಮಾತು ಕೊಟ್ಟಿದ್ದೇವೆ. ನೀವು ಸಂತೆಯಲ್ಲಿ ಅದನ್ನು ಕೊಂಡು ಬಂದ್ರಿ."

"ಒಂದು ದೋಸೆಗೆ ಇಷ್ಟಾ? ಬಂದ್ರೆ ಸಾಕಲ್ಲ."

"ಬಂದ್ರೆ ಸಾಲ್ದು. ಬಂದು ನಿಜ ಹೇಳ್ಬೇಕು. ಕುಡೀತೀಯಾ, ಯಾವಾಗಿಂದ ಅಂತ ಕೇಳ್ತೇವೆ. ಯಾರದೋ ಒತ್ತಾಯಕ್ಕೆ ಬಂದವಳು ನಮ್ಗೆ ಬೇಕಾದ ಉತ್ತರ ಕೊಟ್ಟು ಎದ್ದು ಹೋಗ್ತಾಳೆ. ಅಂಥ ಉತ್ತರ ಇಟ್ಕೊಂಡು ನಾನು ಎಂತ ಮಾಡ್ಲಿ?"

ನಾನು ಅಚ್ಚನ್ನು ಮೇಜಿನ ಕೆಳಗೆ ಸರಿಸಿದೆ. ಅವಳೇ ಮುಂದುವರಿಸಿದಳು. ಸೋಮವಾರ ದೊಡ್ಡ ಮೇಡಂಗೆ, ಎಂದರೆ ಅವಳ ಪ್ರೊಫೆಸರಿಗೆ, ಹೇಳಬೇಕು. ಮಕ್ಕಳನ್ನು ನೋಡುವ ಕೆಲಸದಿಂದಲೇ ತನ್ನನ್ನು ತೆಗೆಯಬಹುದು. ತೆಗೆದರೆ ಇಷ್ಟು ವರ್ಷ ಮಾಡಿದ್ದು ಅರ್ಧಕ್ಕೆ ನಿಲ್ಲುತ್ತದೆ.

"ಹೇಳುವುದು ಯಾಕೆ? ಯಾರಿಗೆ ಗೊತ್ತಾಗ್ತದೆ?"

"ನನಗೆ ಗೊತ್ತಾಯ್ತಲ್ಲ ಪಪ್ಪಾ."

ಭಾನುವಾರ ಆ ಊರಿನಲ್ಲಿ ಒಂದು ಅಂಗಡಿಯೂ ತೆರೆಯುವುದಿಲ್ಲ, ಸುಮ್ಮನೆ ಹೊರಗೆ ಹೋಗಿ ಬರುತ್ತೇನೆ ಎನ್ನಲೂ ನೆವ ಸಿಗಲಿಲ್ಲ. ವನಜಾ ಹೊಸ ಕಾವಲಿಯಲ್ಲಿ ದೋಸೆ ಹೊಯ್ದಳು. ಮೊದಲ ದೋಸೆಯೇ ಗರಿಗರಿಯಾಗಿ ಎದ್ದಿತು. ಯಾರೂ ಅದನ್ನು ಹೊಗಳಲಿಲ್ಲ.

ದೊಡ್ಡ ಮೇಡಂ ಕೋಣೆ

ಬುಧವಾರ ನನಗೆ ಕರೆ ಬಂತು. ಕೋಣೆಯಲ್ಲಿ ಆ ತಾಯಿ, ಆ ಹುಡುಗಿ, ಸ್ಮಿತಾ, ದೊಡ್ಡ ಮೇಡಂ, ಮತ್ತೆ ಸಾಕ್ಷಿಗೆಂದು ಈ ಕೆಲಸಕ್ಕೆ ಸಂಬಂಧಪಡದ ಹೊರಗಿನವರೊಬ್ಬರು. ಮೇಡಂ ಎತ್ತರದ ಹೆಂಗಸು, ಬೆಳ್ಳಗಿನ ಗಿಡ್ಡ ಕೂದಲು, ಕಿಟಕಿಯಲ್ಲಿ ಅವರ ಸೈಕಲ್ಲಿನ ಹೆಲ್ಮೆಟ್. ನಾನು ಮಾಡಿದ ಒಪ್ಪಂದವನ್ನು ನಾನೇ, ಹುಡುಗಿಯ ಎದುರಿಗೇ, ರದ್ದು ಮಾಡಬೇಕು ಎಂದರು.

ಕೈಕುಲುಕಿದ ವ್ಯಾಪಾರದಿಂದ ನಾನು ಹಿಂದೆ ಸರಿದವನಲ್ಲ. ಠಾಣೆಯಿಂದ ಕಲ್ಯಾಣದವರೆಗೆ ನನ್ನ ಹೆಸರು ನಿಂತಿರುವುದೇ ಅದರ ಮೇಲೆ. ಎದ್ದು ನಿಂತೆ. ನನಗೆ ಬರುವ ಇಂಗ್ಲಿಷಿನಲ್ಲಿ ಹೇಳಿದೆ.

"ನಾನು ಶನಿವಾರ ಮಾಡಿದ ವ್ಯಾಪಾರ ಮುರಿದಿದ್ದೇನೆ. ನೀನು ನನಗೆ ಏನೂ ಕೊಡಬೇಕಾಗಿಲ್ಲ. ನೀನು ಬಂದರೂ ಬಾರದಿದ್ದರೂ ನನ್ನ ಮಗಳಿಗೆ ಸಿಟ್ಟಿಲ್ಲ, ನನಗೂ ಇಲ್ಲ."

ಹುಡುಗಿ ಕೇಳಿದಳು, "ಅಚ್ಚು ವಾಪಸ್ ಕೊಡುತ್ತೀರಾ?"

"ಇಲ್ಲ. ಅದಕ್ಕೆ ಬೆಲೆ ಕೊಟ್ಟಾಗಿದೆ."

"ಹಾಗಾದರೆ ದೋಸೆ?"

ಎಲ್ಲರೂ ಮೇಡಂ ಕಡೆ ನೋಡಿದರು. ಮೇಡಂ ಸ್ವಲ್ಪ ಯೋಚಿಸಿದರು. "ದೋಸೆಯೂ ಇಲ್ಲ," ಎಂದರು. ಅವರ ತುಟಿಯ ಕೊನೆ ಒಂದಿಷ್ಟು ಅಲುಗಿದ್ದನ್ನು ನಾನು ನೋಡಿದೆ.

ಆಮೇಲೆ ಸ್ಮಿತಾ ಹುಡುಗಿಯೊಂದಿಗೆ ಜರ್ಮನ್‌ನಲ್ಲಿ ಮಾತಾಡಿದಳು. ನನ್ನ ಮಗಳು ಹೊರಗಿನ ಭಾಷೆಯಲ್ಲಿ, ಹೊರಗಿನವರ ನಡುವೆ, ಕುರ್ಚಿಯ ತುದಿಗೆ ಬಾರದೆ ನೆಟ್ಟಗೆ ಕೂತು ಮಾತಾಡುವುದನ್ನು ಅದೇ ಮೊದಲು ನೋಡಿದ್ದು. ಏನು ಹೇಳಿದಳೆಂದು ಆಮೇಲೆ ಕೇಳಿ ತಿಳಿದೆ. ಒಮ್ಮೆ ಬಂದದ್ದಕ್ಕೆ ಧನ್ಯವಾದ. ಬಾರದಿದ್ದರೆ ಯಾಕೆಂದು ಯಾರೂ ಕೇಳುವುದಿಲ್ಲ. ಬಂದರೆ ನೀನು ಹೇಳಿದ್ದು ಅಮ್ಮನಿಗೂ ಹೋಗುವುದಿಲ್ಲ. ಬಂದ ಮೇಲೂ ಯಾವಾಗ ಬೇಕಾದರೂ ಚೆಂಡು ಹಿಸುಕಬಹುದು.

ಆ ಚೆಂಡನ್ನು ನಾನೂ ಹಿಡಿದಿದ್ದೆ. ಹಿಸುಕಿ ನೋಡಿಯೂ ಇದ್ದೆ. ಸಂತೆಯಲ್ಲಿ ನಾನು ಹಿಡಿದ ಆ ಹುಡುಗಿಯ ಕೈಯಲ್ಲಿ ಚೆಂಡಿರಲಿಲ್ಲ.

ಹುಡುಗಿ ಯೋಚಿಸಿ ಹೇಳುತ್ತೇನೆ ಎಂದಳು. ಮೊದಲು ಯಾಕೆ ಬೇಡವೆಂದಿದ್ದಳು ಎಂದು ಆ ಕೋಣೆಯಲ್ಲಿ ಒಬ್ಬರೂ ಕೇಳಲಿಲ್ಲ. ನಾನಾಗಿದ್ದರೆ ಮೊದಲು ಅದನ್ನೇ ಕೇಳುತ್ತಿದ್ದೆ. ಯಾಕೆ ಬೇಡ ಎಂದು ತಿಳಿದರೆ ತಾನೆ ಬೇಕು ಎನ್ನಿಸಲು ದಾರಿ.

ಅವರು ಹೋದ ಮೇಲೆ ಮೇಡಂ ನನ್ನನ್ನು ಒಂದು ನಿಮಿಷ ನಿಲ್ಲಿಸಿದರು. "ಸೋಮವಾರ ನಾನು ಹೆಲ್ಮೆಟ್ ತೆಗೆಯುವ ಮೊದಲೇ ನಿಮ್ಮ ಮಗಳು ಬಂದು ಎಲ್ಲ ಹೇಳಿದಳು," ಎಂದರು. "ಆ ಮನೆಯವರನ್ನು ಇನ್ನು ಬೇರೆಯವರು ನೋಡಿಕೊಳ್ಳುತ್ತಾರೆ. ಉಳಿದ ಮಕ್ಕಳೆಲ್ಲ ಸ್ಮಿತಾಳ ಜವಾಬ್ದಾರಿಯೇ. ಇಂಥವಳನ್ನು ನಾನು ಬಿಡುವುದಿಲ್ಲ."

ಕೈಕುಲುಕಿದರು. ಬಿಗಿಯಾದ ಕೈ. ನಮ್ಮ ಕಸುಬಿಗೆ ಬಂದಿದ್ದರೂ ಗೆಲ್ಲುತ್ತಿದ್ದರು.

ಹೊರಗೆ ಬಂದಾಗ ಕೆಂಪು ದೀಪ. ಗಾಡಿಯಿಲ್ಲ, ಅಜ್ಜಿಯೂ ಇಲ್ಲ. ನಾನೂ ಸ್ಮಿತಾಳೂ ನಿಂತೆವು. "ಪಪ್ಪಾ, ಇವತ್ತು ಚೆನ್ನಾಗಿ ಮಾತಾಡಿದ್ರಿ," ಎಂದಳು. ಕನ್ನಡದಲ್ಲಿ ಹೇಳಿದಳು ಎಂಬುದನ್ನು ಗಮನಿಸಿದೆ.

ಕಲ್ಯಾಣ್

ಅಚ್ಚು ಈಗ ಗೋಡೌನಿನ ಮೇಲಿನ ಹಲಗೆಯಲ್ಲಿದೆ. ಕೇಳಿದವರಿಗೆ ಮಾರಾಟಕ್ಕಲ್ಲ ಎನ್ನುತ್ತೇನೆ. ಮಕ್ಕಳನ್ನು ನೋಡಲು ವಿದೇಶಕ್ಕೆ ಹೋಗುವವರಿಗೆ ನನ್ನ ಸಲಹೆ ಇಷ್ಟೇ: ಹಪ್ಪಳ ಒಯ್ಯಿರಿ, ಉಡಿದಾರ ನೆನಪಿಡಿ, ಅವರು ಕೆಲಸ ಮಾಡುವ ಜಾಗದಲ್ಲಿ ಒಂದು ಗಂಟೆ ಸುಮ್ಮನೆ ಕೂತು ನೋಡಿ. ಸುಮ್ಮನೆ ಎಂಬುದು ಮುಖ್ಯ.

ಪ್ಲಾಟ್‌ಫಾರ್ಮಿನಲ್ಲಿ ಈಗ ಯಾರಾದರೂ ಕೇಳಿದರೆ ನಾನು ಲೋಕಲ್ ಬಿಟ್ಟು ವಿವರಿಸುತ್ತೇನೆ. ಮೊನ್ನೆ ಭರತ್ ಹಳೆಯ ಡೀಪ್ ಫ್ರೀಜರ್ ಮಾರಲೆಂದು ಗೋಡೌನಿಗೆ ಬಂದಿದ್ದ. ಅವನಿಗೂ ಮೊದಲಿನಿಂದ ಹೇಳಿದೆ; ಮುಖಗಳು, ಬಾದಾಮಿ, ಎರಡನೇ ಸಲ, ಅಚ್ಚು, ಮೇಡಂ. ಸ್ಟೂಲಿನ ಮಾತು ಅವನು ಎತ್ತಲಿಲ್ಲ. ಕೊನೆಗೆ ಒಂದೇ ಕೇಳಿದ.

"ಆ ಹುಡುಗಿ ಮತ್ತೆ ಬಂತಾ?"

ನಾನೂ ತಿಂಗಳುಗಳಿಂದ ಅದನ್ನೇ ಯೋಚಿಸುತ್ತಿದ್ದೆ. ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದೆ. ಊಟ ಆಯಿತಾ, ಚಳಿ ಹೇಗಿದೆ ಎಂದು ಸುತ್ತಿ ಬಳಸಿ ವಿಷಯಕ್ಕೆ ಬಂದೆ.

"ಸ್ಮಿತಾ, ಆ ಹುಡುಗಿ ಎರಡನೇ ಸಲಕ್ಕೆ ಬಂದ್ಳಾ?"

"ಯಾವ ಹುಡುಗಿ ಪಪ್ಪಾ?"

"ಅದೇ, ಸಂತೆಯ ಹುಡುಗಿ. ಹೌದು ಅಲ್ಲ ಅಷ್ಟು ಹೇಳು. ಮಾತಾಡೋದು ಬೇಡ, ಬರೀ ಹೂಂ ಅನ್ನು."

ಅತ್ತಲಿಂದ ಮೆತ್ತಗೆ, ನಗುವಿನಂಥ ದನಿಯಲ್ಲಿ ಅದೇ ಮಾತು ಬಂತು.

"ಯಾವ ಹುಡುಗಿ ಪಪ್ಪಾ?"

ಭರತ್ ನನ್ನನ್ನು ನೋಡಿದ. "ಪದ್ದ, ನಿನ್ನ ಎದುರು ಯಾರೂ ಹೀಗೆ ಬಾಗಿಲು ಹಾಕಿದ್ದು ನಾನು ಕಂಡಿಲ್ಲ ಮಾರಾಯ. ಇದು ನಿನ್ನ ಮಗಳೇನಾ?"

"ಹೌದು," ಎಂದೆ. "ನನ್ನ ಮಗಳೇ."

ಫ್ರೀಜರಿನ ಮಾತು ಮರುದಿನಕ್ಕೆ ಇಟ್ಟುಕೊಂಡೆವು. ಆ ಹೊತ್ತಿನಲ್ಲಿ ಬೆಲೆಗೆ ಕೂತಿದ್ದರೆ ಅವನು ಕೇಳಿದಷ್ಟು ಕೊಟ್ಟುಬಿಡುತ್ತಿದ್ದೆ.